ಮೇನ್‌ಗೆ ಮುಂಚೆ, ಮೇನ್ ಮುಗಿದ ಮೇಲೆ: ಸಿ ಪ್ರೋಗ್ರಾಮಿನ ಆರಂಭ–ಮುಕ್ತಾಯದ ಕೋಡನ್ನು ಎಲ್ಲಿಡಬೇಕು?

ಪ್ರೋಗ್ರಾಂ ಶುರುವಾಗುವಾಗ ಲಾಗ್ ಫೈಲ್ ತೆರೆಯಬೇಕು, ಮುಗಿಯುವಾಗ ಮುಚ್ಚಬೇಕು. ಹೇಳಲು ಇಷ್ಟೇ. ಆದರೆ ಆ ಎರಡು ಫಂಕ್ಷನ್‌ಗಳನ್ನು ಯಾರು ಕರೆಯಬೇಕು, ಯಾವ ಹೊತ್ತಿಗೆ ಕರೆಯಬೇಕು ಎಂಬುದಕ್ಕೆ ಸಿ ಸ್ಟ್ಯಾಂಡರ್ಡ್ ಒಂದು ದಾರಿ ಕೊಡುತ್ತದೆ, ಕಂಪೈಲರ್ ಇನ್ನೊಂದು ಕೊಡುತ್ತದೆ, ಲಿಂಕರ್ ಮತ್ತು ಆಪರೇಟಿಂಗ್ ಸಿಸ್ಟಂ ತಮ್ಮವನ್ನೂ ಸೇರಿಸುತ್ತವೆ. ಎಲ್ಲವೂ ಚಿಕ್ಕ ಉದಾಹರಣೆಯಲ್ಲಿ ಸಲೀಸಾಗಿ ಓಡುತ್ತವೆ. ವ್ಯತ್ಯಾಸ ಗೊತ್ತಾಗುವುದು ಪ್ರೋಗ್ರಾಂ ಬೆಳೆದ ಮೇಲೆ.

ಆಯ್ಕೆಯನ್ನು ಮೊದಲೇ ಹೇಳಿಬಿಡಬಹುದು. ಮೇನ್ ಫಂಕ್ಷನ್ ನಿಮ್ಮದೇ ಆಗಿದ್ದರೆ ಆರಂಭದ ಕೆಲಸವನ್ನು ಅದರೊಳಗಿಂದ ನೇರವಾಗಿ ಕರೆಯಿರಿ. ಬೇರೆಯವರು ಬಳಸುವ ಲೈಬ್ರರಿ ಬರೆಯುತ್ತಿದ್ದರೆ, ಮೊದಲ ಬಳಕೆಯಲ್ಲಿ ಒಮ್ಮೆ ಮಾತ್ರ ಓಡುವ ‘ಒನ್ಸ್’ ವಿಧಾನ ಹಿಡಿಯಿರಿ. ಪ್ರೋಗ್ರಾಮಿನ ಸೋರ್ಸ್ ಮುಟ್ಟುವ ಹಾಗಿಲ್ಲ, ಆದರೂ ಮೇನ್‌ಗೆ ಮುಂಚೆ ಕೆಲಸ ಆಗಲೇಬೇಕು ಎಂದಾಗ ಮಾತ್ರ ಕನ್‌ಸ್ಟ್ರಕ್ಟರ್, ಅಂದರೆ ಮೇನ್‌ಗೆ ಮುಂಚೆ ತಾನಾಗಿ ಓಡುವಂತೆ ಕಂಪೈಲರ್‌ಗೆ ಗುರುತು ಮಾಡಿಕೊಟ್ಟ ಫಂಕ್ಷನ್. ಇನ್ನು ಮುಕ್ತಾಯದ ಕೋಡ್: ಯಾವ ದಾರಿ ಹಿಡಿದರೂ ಅದು ಓಡದೇ ಹೋಗುವ ದಿನ ಬಂದೇ ಬರುತ್ತದೆ, ಆ ಲೆಕ್ಕ ಇಟ್ಟುಕೊಂಡೇ ಬರೆಯಬೇಕು. ಉಳಿದ ವಿವರಗಳೆಲ್ಲ ಈ ತೀರ್ಮಾನಕ್ಕೆ ಕಾರಣಗಳು.

ಮೇನ್‌ನಿಂದಲೇ ಕರೆಯುವುದು

ಇದನ್ನು ‘ಹಳೇ ವಿಧಾನ’ ಎಂದು ಬದಿಗೆ ಸರಿಸುವವರಿದ್ದಾರೆ. ಹಾಗೆ ಸರಿಸಬೇಡಿ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಓದಿದವರಿಗೆ ಕಣ್ಣೆದುರೇ ಕಾಣುತ್ತದೆ. ಕಮಾಂಡ್ ಲೈನ್ ಆರ್ಗ್ಯುಮೆಂಟ್‌ಗಳು ಆಗಲೇ ಕೈಯಲ್ಲಿರುತ್ತವೆ, ಹಾಗಾಗಿ ಸಹಾಯದ ಪಠ್ಯವನ್ನಷ್ಟೇ ಕೇಳಿದಾಗ ಡೇಟಾಬೇಸ್ ತೆರೆಯುವ ಗೋಜಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆರಂಭದ ಫಂಕ್ಷನ್ ಸೋತರೆ ಎರರ್ ಕೋಡ್ ಹಿಂದಿರುಗಿಸಬಹುದು. ಮುಂದೆ ಬರುವ ಬಹುತೇಕ ವಿಧಾನಗಳಲ್ಲಿ ಈ ಸೌಲಭ್ಯವೇ ಇಲ್ಲ.

ಮುಚ್ಚುವ ಕೆಲಸಕ್ಕೆ ಗೋಟೂ ಮೆಟ್ಟಿಲು ಸಾಕು. ಮೂರು ಸಂಪನ್ಮೂಲಗಳನ್ನು ಕ್ರಮವಾಗಿ ತೆರೆಯಿರಿ. ಮೂರನೆಯದು ಸೋತರೆ ಎರಡನೆಯದನ್ನು ಮುಚ್ಚುವ ಲೇಬಲ್‌ಗೆ ಜಿಗಿಯಿರಿ, ಅಲ್ಲಿಂದ ಕೋಡ್ ತಾನಾಗಿಯೇ ಇಳಿದು ಮೊದಲನೆಯದನ್ನೂ ಮುಚ್ಚುತ್ತದೆ. ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳಲ್ಲಿ ‘ಕ್ಲೀನಪ್’ ಆಟ್ರಿಬ್ಯೂಟ್ (ಕೋಡ್‌ನಲ್ಲಿ ಕಂಪೈಲರ್‌ಗೆ ಕೊಡುವ ವಿಶೇಷ ಸೂಚನೆ) ಕೂಡ ಇದೆ. ವೇರಿಯಬಲ್ ತನ್ನ ಬ್ಲಾಕ್‌ನಿಂದ ಹೊರಬಿದ್ದಾಗ ನೀವು ಸೂಚಿಸಿದ ಫಂಕ್ಷನ್ ಓಡುತ್ತದೆ.

ಎರಡಕ್ಕೂ ಒಂದೇ ಕೊರತೆ. ಎಲ್ಲೋ ಹತ್ತು ಫಂಕ್ಷನ್ ಆಳದಲ್ಲಿ ಯಾರಾದರೂ ಪ್ರೋಗ್ರಾಂ ಅನ್ನು ಅಲ್ಲೇ ಮುಗಿಸುವ ಎಕ್ಸಿಟ್ ಫಂಕ್ಷನ್ ಕರೆದರೆ ಮೆಟ್ಟಿಲೂ ಇಲ್ಲ, ಕ್ಲೀನಪ್ಪೂ ಇಲ್ಲ. ಆ ಎಕ್ಸಿಟ್ ಕರೆ ನಿಮ್ಮದಲ್ಲದ ಲೈಬ್ರರಿಯೊಳಗೂ ಇರಬಹುದು. ಅಟ್‌ಎಕ್ಸಿಟ್ ಬೇಕಾಗುವುದು ಆಗಲೇ.

ಅಟ್‌ಎಕ್ಸಿಟ್

ಇದು ಸಿ ಸ್ಟ್ಯಾಂಡರ್ಡ್‌ನಲ್ಲೇ ಇರುವ ದಾರಿ, ಆದ್ದರಿಂದ ಸ್ಟ್ಯಾಂಡರ್ಡ್ ಲೈಬ್ರರಿ ಇರುವ ಕಡೆಯೆಲ್ಲ ಸಿಗುತ್ತದೆ. ಆರ್ಗ್ಯುಮೆಂಟ್ ಪಡೆಯದ, ಏನನ್ನೂ ಹಿಂದಿರುಗಿಸದ ಫಂಕ್ಷನ್ ಒಂದನ್ನು ನೋಂದಾಯಿಸುತ್ತೀರಿ. ಎಕ್ಸಿಟ್ ಕರೆದಾಗ, ಅಥವಾ ಮೇನ್ ರಿಟರ್ನ್ ಆದಾಗ, ನೋಂದಾಯಿಸಿದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ ಅವು ಓಡುತ್ತವೆ. ಅವೆಲ್ಲ ಮುಗಿದ ಮೇಲೆ ತೆರೆದಿರುವ ಸ್ಟ್ರೀಮ್‌ಗಳ ಬಫರ್ ಖಾಲಿಯಾಗುತ್ತದೆ, ಸ್ಟ್ರೀಮ್‌ಗಳು ಮುಚ್ಚುತ್ತವೆ, ‘ಟೆಂಪ್‌ಫೈಲ್’ ಫಂಕ್ಷನ್‌ನಿಂದ ಮಾಡಿದ ತಾತ್ಕಾಲಿಕ ಫೈಲ್‌ಗಳು ಅಳಿಯುತ್ತವೆ. ಅಂದರೆ ಹ್ಯಾಂಡ್ಲರ್‌ನೊಳಗೆ (ಹೀಗೆ ನೋಂದಾಯಿಸಿದ ಫಂಕ್ಷನ್‌ನೊಳಗೆ) ಪ್ರಿಂಟ್‌ಎಫ್ ಬಳಸುವುದರಲ್ಲಿ ತೊಂದರೆಯಿಲ್ಲ.

ಕನಿಷ್ಠ 32 ನೋಂದಣಿಗಳಿಗೆ ಸ್ಟ್ಯಾಂಡರ್ಡ್ ಖಾತ್ರಿ ಕೊಡುತ್ತದೆ. ಅದಕ್ಕಿಂತ ಹೆಚ್ಚು ಸಿಗುವುದೋ ಇಲ್ಲವೋ ಎಂಬುದು ಲೈಬ್ರರಿಗೆ ಬಿಟ್ಟದ್ದು. ನೋಂದಣಿ ಸೋತರೆ ಸೊನ್ನೆಯಲ್ಲದ ಬೆಲೆ ಬರುತ್ತದೆ. ಅದನ್ನು ಪರೀಕ್ಷಿಸುವ ಕೋಡ್ ಅಪರೂಪ, ಆದರೆ ಪರೀಕ್ಷಿಸಲೇಬೇಕು. ಒಂದೇ ಫಂಕ್ಷನನ್ನು ಎರಡು ಸಲ ನೋಂದಾಯಿಸಿದರೆ ಎರಡು ಸಲ ಓಡುತ್ತದೆ. ಆರಂಭದ ಫಂಕ್ಷನ್ ಯಾವುದೋ ಕಾರಣಕ್ಕೆ ಎರಡು ಬಾರಿ ಓಡಿ, ಕೊನೆಯಲ್ಲಿ ಒಂದೇ ಪಾಯಿಂಟರ್ ಎರಡು ಸಲ ಫ್ರೀ ಆಗಿ, ಎಲ್ಲ ಕೆಲಸ ಸರಿಯಾಗಿ ಮುಗಿದ ಮೇಲೆ ಪ್ರೋಗ್ರಾಂ ಕ್ರ್ಯಾಶ್ ಆಗುವುದು ಹೀಗೆಯೇ. ಮುಚ್ಚಿದ ತಕ್ಷಣ ಪಾಯಿಂಟರ್ ಅನ್ನು ನಲ್ ಮಾಡಿಟ್ಟರೆ ಈ ಕಾಟ ತಪ್ಪುತ್ತದೆ.

ಹ್ಯಾಂಡ್ಲರ್‌ನೊಳಗಿಂದ ಮತ್ತೆ ಎಕ್ಸಿಟ್ ಕರೆಯಬಾರದು, ಲಾಂಗ್‌ಜಂಪ್ ಮಾಡಿ ಹೊರಗೆ ಹಾರಬಾರದು. ಎರಡಕ್ಕೂ ಸ್ಟ್ಯಾಂಡರ್ಡ್ ಯಾವ ಅರ್ಥವನ್ನೂ ಕೊಡುವುದಿಲ್ಲ. ಕೊನೆಯ ಗಳಿಗೆಯಲ್ಲಿ ಎಕ್ಸಿಟ್ ಕೋಡ್ ಬದಲಿಸಲೇಬೇಕಾದರೆ ಅಂಡರ್‌ಸ್ಕೋರ್‌ನಿಂದ ಶುರುವಾಗುವ ಎಕ್ಸಿಟ್ ಇದೆ, ಅದು ಹ್ಯಾಂಡ್ಲರ್‌ಗಳನ್ನು ಓಡಿಸದೆ ನೇರವಾಗಿ ಮುಗಿಸುತ್ತದೆ. ಸಿ ಸ್ಟ್ಯಾಂಡರ್ಡ್‌ನ 1999ರ ಆವೃತ್ತಿಯಾದ ಸಿ99 ಅದನ್ನು ದೊಡ್ಡಕ್ಷರದ ಇ ಬಳಸಿ ಬರೆಯುತ್ತದೆ, ಪೋಸಿಕ್ಸ್ (ಯುನಿಕ್ಸ್ ಮಾದರಿಯ ಸಿಸ್ಟಂಗಳ ಸ್ಟ್ಯಾಂಡರ್ಡ್) ಸಣ್ಣಕ್ಷರದಲ್ಲಿ. ಗ್ನೂ ಕೋರ್‌ಯುಟಿಲ್ಸ್‌ನ ಕಮಾಂಡ್‌ಗಳು (ಎಲ್‌ಎಸ್, ಕ್ಯಾಟ್‌ನಂಥವು) ಮಾಡುವುದು ಇದನ್ನೇ: ಸ್ಟ್ಯಾಂಡರ್ಡ್ ಔಟ್‌ಪುಟ್ ಮುಚ್ಚಿ ಪರೀಕ್ಷಿಸುವ ಫಂಕ್ಷನ್ ಅಟ್‌ಎಕ್ಸಿಟ್‌ನಲ್ಲಿರುತ್ತದೆ, ಡಿಸ್ಕ್ ತುಂಬಿ ಬರಹ ಸೋತಿದ್ದರೆ ಅಲ್ಲಿಂದಲೇ ಸೋಲಿನ ಕೋಡ್‌ನೊಂದಿಗೆ ಹೊರಬೀಳುತ್ತವೆ. ಔಟ್‌ಪುಟ್ ಬರೆಯುವ ಯಾವ ಪ್ರೋಗ್ರಾಮಿಗಾದರೂ ಈ ಪದ್ಧತಿ ಒಳ್ಳೆಯದು. ಲಿನಕ್ಸ್‌ನಲ್ಲಿ ಔಟ್‌ಪುಟ್ ಅನ್ನು ಡೆವ್ ಡೈರೆಕ್ಟರಿಯ ‘ಫುಲ್’ ಎಂಬ ಸಾಧನಕ್ಕೆ ತಿರುಗಿಸಿದರೆ, ನಿಮ್ಮ ಪ್ರೋಗ್ರಾಂ ಈ ತಪ್ಪನ್ನು ಹಿಡಿಯುತ್ತದೆಯೇ ಎಂದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹ್ಯಾಂಡ್ಲರ್‌ಗೆ ಆರ್ಗ್ಯುಮೆಂಟ್ ಕೊಡಲಾಗದು ಎಂಬ ಕೊರತೆಗೆ ಲಿನಕ್ಸ್‌ನಲ್ಲಿ ಸಾಮಾನ್ಯವಾದ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ‘ಆನ್‌ಎಕ್ಸಿಟ್’ ಎಂಬ ಉತ್ತರವಿದೆ. ಎಕ್ಸಿಟ್ ಕೋಡನ್ನೂ ನೀವು ಕೊಟ್ಟ ಪಾಯಿಂಟರನ್ನೂ ಅದು ದಾಟಿಸುತ್ತದೆ. ಆದರೆ ಅದು ಸ್ಟ್ಯಾಂಡರ್ಡ್‌ನಲ್ಲಿಲ್ಲ, ಮ್ಯಾಕ್‌ಓಎಸ್‌ನಲ್ಲೂ ಮಸಲ್ ಎಂಬ ಇನ್ನೊಂದು ಸಿ ಲೈಬ್ರರಿಯಲ್ಲೂ ಇಲ್ಲ. ಒಂದು ಸ್ಟ್ಯಾಟಿಕ್ ವೇರಿಯಬಲ್‌ನಿಂದ ಆಗುವ ಕೆಲಸಕ್ಕೆ ಅದನ್ನು ನೆಚ್ಚಬೇಡಿ. ಸಿ11ರ ‘ಕ್ವಿಕ್ ಎಕ್ಸಿಟ್’ ಬೇರೆಯದೇ ಪಟ್ಟಿ ಇಟ್ಟುಕೊಳ್ಳುತ್ತದೆ. ಅಟ್‌ಎಕ್ಸಿಟ್ ಹ್ಯಾಂಡ್ಲರ್‌ಗಳು ಅದರಲ್ಲಿ ಓಡುವುದಿಲ್ಲ.

ಥ್ರೆಡ್‌ಗಳಿದ್ದರೆ ಇನ್ನೊಂದು ಎಚ್ಚರ. ಹ್ಯಾಂಡ್ಲರ್‌ಗಳು ಓಡುತ್ತಿರುವಾಗ ಉಳಿದ ಥ್ರೆಡ್‌ಗಳು ಸುಮ್ಮನೆ ನಿಂತಿರುವುದಿಲ್ಲ, ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಹ್ಯಾಂಡ್ಲರ್ ಒಂದು ಬಫರ್ ಅನ್ನು ಫ್ರೀ ಮಾಡಿದ ಮರುಕ್ಷಣ ವರ್ಕರ್ ಥ್ರೆಡ್ ಅದಕ್ಕೇ ಬರೆಯಬಹುದು. ಸಾವಿರಕ್ಕೊಮ್ಮೆ, ಅದೂ ಮುಗಿಯುವಾಗ ಮಾತ್ರ ಬರುವ ಸೆಗ್‌ಫಾಲ್ಟ್‌ಗಳಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಇದನ್ನೇ. ಎಕ್ಸಿಟ್‌ಗೆ ಮುಂಚೆ ಥ್ರೆಡ್‌ಗಳನ್ನು ನಿಲ್ಲಿಸಿ ಜಾಯಿನ್ ಮಾಡಿ. ಅದು ಆಗದಿದ್ದರೆ ಮೆಮೊರಿಯನ್ನು ಮುಟ್ಟದೆ ಬಿಡಿ. ಪ್ರೋಸೆಸ್ ಸತ್ತ ಮೇಲೆ ಕರ್ನಲ್ ಹೇಗಿದ್ದರೂ ಅದನ್ನು ವಾಪಸ್ ಪಡೆಯುತ್ತದೆ.

ಕನ್‌ಸ್ಟ್ರಕ್ಟರ್ ಮತ್ತು ಡಿಸ್ಟ್ರಕ್ಟರ್ ಆಟ್ರಿಬ್ಯೂಟ್

ಜಿಸಿಸಿ, ಕ್ಲ್ಯಾಂಗ್ ಎರಡರಲ್ಲೂ ಫಂಕ್ಷನ್ ಮೇಲೆ ‘ಕನ್‌ಸ್ಟ್ರಕ್ಟರ್’ ಎಂಬ ಆಟ್ರಿಬ್ಯೂಟ್ ಬರೆದರೆ ಅದು ಮೇನ್‌ಗೆ ಮುಂಚೆ ಓಡುತ್ತದೆ. ಇದರಲ್ಲಿ ಮಾಯೆ ಏನಿಲ್ಲ. ಎಲ್ಫ್ ಫೈಲ್‌ಗಳಲ್ಲಿ (ಲಿನಕ್ಸ್‌ನಂಥ ಸಿಸ್ಟಂಗಳ ಬೈನರಿ ರೂಪ) ಕಂಪೈಲರ್ ಆ ಫಂಕ್ಷನ್‌ನ ವಿಳಾಸವನ್ನು ‘ಇನಿಟ್ ಅರೇ’ ಎಂಬ ಸೆಕ್ಷನ್‌ಗೆ ಸೇರಿಸುತ್ತದೆ, ಆರಂಭದ ಕೋಡ್ ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಕರೆಯುತ್ತಾ ಹೋಗುತ್ತದೆ. ‘ಡಿಸ್ಟ್ರಕ್ಟರ್’ ಇದ್ದರೆ ವಿಳಾಸ ‘ಫಿನಿ ಅರೇ’ಗೆ ಹೋಗುತ್ತದೆ, ಅದನ್ನು ಕೆಳಗಿನಿಂದ ಮೇಲಕ್ಕೆ ಕರೆಯಲಾಗುತ್ತದೆ. ಜಿಲಿಬ್‌ಸಿ ಮತ್ತು ಮಸಲ್‌ನಲ್ಲಿ ಮುಕ್ತಾಯದ ಕ್ರಮ ಹೀಗಿದೆ: ಮೊದಲು ಅಟ್‌ಎಕ್ಸಿಟ್ ಹ್ಯಾಂಡ್ಲರ್‌ಗಳು, ನಂತರ ಡಿಸ್ಟ್ರಕ್ಟರ್‌ಗಳು, ಕೊನೆಗೆ ಸ್ಟ್ರೀಮ್‌ಗಳ ಬಫರ್.

ಕ್ರಮ ಬೇಕಾದರೆ ಆಟ್ರಿಬ್ಯೂಟ್‌ಗೆ ಆದ್ಯತೆಯ ಸಂಖ್ಯೆ ಕೊಡಬಹುದು. 0ರಿಂದ 100ರವರೆಗಿನವು ಕಂಪೈಲರ್ ಮತ್ತು ಲೈಬ್ರರಿಗಳಿಗೆ ಮೀಸಲು. ನಿಮ್ಮದು 101ರಿಂದ ಶುರು, 65535ಕ್ಕೆ ಕೊನೆ. ಚಿಕ್ಕ ಸಂಖ್ಯೆಯ ಕನ್‌ಸ್ಟ್ರಕ್ಟರ್ ಮೊದಲು ಓಡುತ್ತದೆ, ಡಿಸ್ಟ್ರಕ್ಟರ್‌ನಲ್ಲಿ ಇದು ತಿರುಗುಮುರುಗು. ಹಾಗಾಗಿ ಜೋಡಿಗೆ ಒಂದೇ ಸಂಖ್ಯೆ ಕೊಟ್ಟರೆ ಮೊದಲು ತೆರೆದದ್ದು ಕೊನೆಗೆ ಮುಚ್ಚುತ್ತದೆ. ಸಂಖ್ಯೆ ಇಲ್ಲದವು ಸಂಖ್ಯೆ ಇರುವವುಗಳ ನಂತರ. ಬೇರೆಬೇರೆ ಫೈಲ್‌ಗಳಲ್ಲಿ ಒಂದೇ ಆದ್ಯತೆಯ ಎರಡು ಕನ್‌ಸ್ಟ್ರಕ್ಟರ್‌ಗಳಿದ್ದರೆ ಅವುಗಳ ನಡುವಿನ ಕ್ರಮವನ್ನು ಎಂದೂ ನಂಬಬೇಡಿ. ಬಿಲ್ಡ್ ಫೈಲ್‌ನಲ್ಲಿ ಸಾಲು ಹಿಂದುಮುಂದಾದರೂ ಅದು ಬದಲಾದೀತು. ಆದ್ಯತೆಯ ಸಂಖ್ಯೆಗಳು ಒಂದೇ ಎಕ್ಸಿಕ್ಯೂಟಬಲ್ ಅಥವಾ ಒಂದೇ ಶೇರ್ಡ್ ಲೈಬ್ರರಿಯೊಳಗಷ್ಟೇ ಲೆಕ್ಕಕ್ಕೆ ಬರುತ್ತವೆ. ಲೈಬ್ರರಿಗಳ ನಡುವೆ ಅವಲಂಬನೆಯೇ ಕ್ರಮ: ನೀವು ಲಿಂಕ್ ಮಾಡಿರುವ ಲೈಬ್ರರಿ ನಿಮಗಿಂತ ಮುಂಚೆ ಸಿದ್ಧವಾಗುತ್ತದೆ.

ತೊಡಕುಗಳೂ ಬಹಳ. ಮೊದಲನೆಯದು, ಅತಿ ಹೆಚ್ಚು ಜನರ ಸಮಯ ತಿನ್ನುವುದು, ಸ್ಟ್ಯಾಟಿಕ್ ಲೈಬ್ರರಿಯದು. ಆ ಲೈಬ್ರರಿಯ ಆರ್ಕೈವ್‌ನೊಳಗಿನ (ಆಬ್ಜೆಕ್ಟ್ ಫೈಲ್‌ಗಳ ಕಟ್ಟಿನೊಳಗಿನ) ಒಂದು ಆಬ್ಜೆಕ್ಟ್ ಫೈಲ್‌ನಲ್ಲಿ ಕನ್‌ಸ್ಟ್ರಕ್ಟರ್ ಮಾತ್ರ ಇದೆ, ಅದರ ಯಾವ ಸಿಂಬಲ್ ಅನ್ನೂ ಹೊರಗಿನವರು ಬಳಸುತ್ತಿಲ್ಲ ಎಂದುಕೊಳ್ಳಿ. ಲಿಂಕರ್ ಆ ಫೈಲ್ ಅನ್ನು ಆರ್ಕೈವ್‌ನಿಂದ ಹೊರತೆಗೆಯುವುದೇ ಇಲ್ಲ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಕನ್‌ಸ್ಟ್ರಕ್ಟರ್ ಸದ್ದಿಲ್ಲದೆ ನಾಪತ್ತೆ. ಪರಿಹಾರಗಳು ಮೂರು: ‘ಹೋಲ್ ಆರ್ಕೈವ್’ ಲಿಂಕರ್ ಆಯ್ಕೆ ಕೊಟ್ಟು, ಆ ಲೈಬ್ರರಿ ಮುಗಿದ ಕೂಡಲೇ ‘ನೋ ಹೋಲ್ ಆರ್ಕೈವ್’ ಹಾಕಿ ನಿಲ್ಲಿಸುವುದು, ಯು ಆಯ್ಕೆಯಿಂದ ಒಂದು ಸಿಂಬಲ್ ಬೇಕೆಂದು ಲಿಂಕರ್‌ಗೆ ಹೇಳುವುದು, ಅಥವಾ ಖಂಡಿತ ಲಿಂಕ್ ಆಗುವ ಫೈಲ್‌ಗೇ ಕನ್‌ಸ್ಟ್ರಕ್ಟರನ್ನು ಸ್ಥಳಾಂತರಿಸುವುದು. ಮೂರನೆಯದೇ ಬಾಳಿಕೆ ಬರುವುದು, ಏಕೆಂದರೆ ಬಿಲ್ಡ್ ಆಯ್ಕೆಗಳನ್ನು ನಿಮ್ಮ ಲೈಬ್ರರಿ ಬಳಸುವವರು ನೆನಪಿಡುತ್ತಾರೆಂಬ ಭರವಸೆ ಇಲ್ಲ.

ಎರಡನೆಯದು, ಸೋಲನ್ನು ತಿಳಿಸಲು ಬಾಯಿಲ್ಲ. ಕನ್‌ಸ್ಟ್ರಕ್ಟರ್‌ನಲ್ಲಿ ಫೈಲ್ ತೆರೆಯಲಾಗದಿದ್ದರೆ ಒಂದೋ ಪ್ರೋಗ್ರಾಂ ಅನ್ನೇ ನಿಲ್ಲಿಸಬೇಕು, ಇಲ್ಲವೇ ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿ ಬರೆದಿಟ್ಟು ಆಮೇಲೆ ಯಾರಾದರೂ ಕೇಳಲಿ ಎಂದು ಕಾಯಬೇಕು. ಲೈಬ್ರರಿಯೊಂದು ತನ್ನ ಸಂರಚನೆಯ ಫೈಲ್ ಸಿಗಲಿಲ್ಲ ಎಂದು ಬೇರೆಯವರ ಪ್ರೋಗ್ರಾಂ ಅನ್ನು ಮೇನ್ ತಲುಪುವ ಮುಂಚೆಯೇ ಕೊಲ್ಲುವುದು ಒಪ್ಪತಕ್ಕದ್ದಲ್ಲ.

ಮೂರನೆಯದು, ಆರ್ಗ್ಯುಮೆಂಟ್‌ಗಳ ಆಸೆ. ಜಿಲಿಬ್‌ಸಿ ಇನಿಟ್ ಅರೇ ಫಂಕ್ಷನ್‌ಗಳಿಗೆ ಮೇನ್‌ಗೆ ಸಿಗುವ ಮೂರೂ ಆರ್ಗ್ಯುಮೆಂಟ್‌ಗಳನ್ನು ಕೊಡುತ್ತದೆ: ಎಣಿಕೆ, ಪದಗಳ ಪಟ್ಟಿ, ಎನ್ವಿರಾನ್‌ಮೆಂಟ್. ಇದನ್ನು ನಂಬಿ ಬರೆದ ಕೋಡ್ ಮಸಲ್ ಮೇಲೆ ಕಸವನ್ನೇ ಓದುತ್ತದೆ, ಏಕೆಂದರೆ ಮಸಲ್ ಏನನ್ನೂ ದಾಟಿಸದೆ ಕರೆಯುತ್ತದೆ. ಆಲ್ಪೈನ್ ಆಧಾರಿತ ಕಂಟೇನರ್‌ನಲ್ಲಿ ಮಾತ್ರ ಮೇನ್‌ಗೆ ಮುಂಚೆ ಕ್ರ್ಯಾಶ್ ಆಗುತ್ತಿದ್ದರೆ ಮೊದಲು ಇದನ್ನು ನೋಡಿ.

ಪ್ರೋಗ್ರಾಂ ಓಡುತ್ತಿರುವಾಗ ಡಿಎಲ್‌ಓಪನ್ ಫಂಕ್ಷನ್‌ನಿಂದ ಲೋಡ್ ಆಗುವ ಲೈಬ್ರರಿಯ ಕನ್‌ಸ್ಟ್ರಕ್ಟರ್ ಆ ಕರೆಯೊಳಗೇ ಓಡುತ್ತದೆ, ಆಗ ಜಿಲಿಬ್‌ಸಿ ಲೋಡರ್ ತನ್ನ ಲಾಕ್ ಹಿಡಿದಿರುತ್ತದೆ. ಅಲ್ಲಿ ಹೊಸ ಥ್ರೆಡ್ ಹುಟ್ಟಿಸಿ ಅದು ಮುಗಿಯಲೆಂದು ಕಾದರೆ, ಆ ಥ್ರೆಡ್ ತಾನೂ ಡಿಎಲ್‌ಓಪನ್ ಕರೆದ ಕ್ಷಣ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ನಿಲ್ಲುತ್ತಾರೆ. ಹಾಗೆಯೇ ಪ್ರೀಲೋಡ್ ಮಾಡಿ (ಉಳಿದ ಲೈಬ್ರರಿಗಳಿಗಿಂತ ಮುಂಚೆ ಲೋಡ್ ಮಾಡಿಸಿ) ಮೆಮೊರಿ ಕೊಡುವ ಮಾಲಾಕ್ ಅನ್ನು ಬದಲಿಸುವ ಲೈಬ್ರರಿ ಬರೆಯುವವರು, ತಮ್ಮ ಕನ್‌ಸ್ಟ್ರಕ್ಟರ್ ಓಡುವ ಮುಂಚೆಯೇ ಮಾಲಾಕ್ ಕರೆ ಬರಬಹುದು ಎಂದು ಸಿದ್ಧರಿರಬೇಕು.

ಇಷ್ಟಾದರೂ ಪ್ರೊಫೈಲರ್‌ಗಳು, ಸ್ಯಾನಿಟೈಸರ್‌ಗಳು, ಪ್ರೀಲೋಡ್ ಸಾಧನಗಳಿಗೆ ಕನ್‌ಸ್ಟ್ರಕ್ಟರ್ ಬಿಟ್ಟರೆ ಗತಿಯಿಲ್ಲ. ಇನ್ನೂ ಮುಂಚೆ ಓಡಬೇಕೆಂದರೆ ‘ಪ್ರೀಇನಿಟ್ ಅರೇ’ ಇದೆ. ಅದು ಎಲ್ಲ ಶೇರ್ಡ್ ಲೈಬ್ರರಿಗಳ ಕನ್‌ಸ್ಟ್ರಕ್ಟರ್‌ಗಳಿಗಿಂತ ಮೊದಲು ಓಡುತ್ತದೆ, ಆದರೆ ಎಕ್ಸಿಕ್ಯೂಟಬಲ್‌ನಲ್ಲಿ ಮಾತ್ರ ಇಡಬಹುದು. ಅಂಡರ್‌ಸ್ಕೋರ್ ಇನಿಟ್, ಅಂಡರ್‌ಸ್ಕೋರ್ ಫಿನಿ ಎಂಬ ಹಳೆಯ ಹೆಸರಿನ ಫಂಕ್ಷನ್‌ಗಳನ್ನು ನೀವೇ ಬರೆಯಲು ಹೋಗಬೇಡಿ. ಲಿಂಕ್ ಮಾಡುವಾಗ ಕಂಪೈಲರ್ ತಾನೇ ಸೇರಿಸುವ ಆರಂಭದ ಆಬ್ಜೆಕ್ಟ್ ಫೈಲ್‌ಗಳಲ್ಲಿ ಅವು ಆಗಲೇ ಇದ್ದು, ಲಿಂಕರ್ ಎರಡೆರಡು ವ್ಯಾಖ್ಯೆ ಇದೆಯೆಂದು ದೂರುತ್ತದೆ.

ಲೈಬ್ರರಿಗೆ ‘ಒನ್ಸ್’

ಪೋಸಿಕ್ಸ್‌ನ ಪಿಥ್ರೆಡ್ ಒನ್ಸ್, ಸಿ11ರ ಕಾಲ್ ಒನ್ಸ್, ಎರಡೂ ಒಂದೇ ಮಾತು ಕೊಡುತ್ತವೆ: ಎಷ್ಟು ಥ್ರೆಡ್‌ಗಳು ಒಟ್ಟಿಗೆ ಬಂದರೂ ಆರಂಭದ ಫಂಕ್ಷನ್ ಒಮ್ಮೆ ಮಾತ್ರ ಓಡುತ್ತದೆ, ಅದು ಮುಗಿಯುವತನಕ ಉಳಿದವರು ಕಾಯುತ್ತಾರೆ. ಲೈಬ್ರರಿಯ ಹೊರಗೆ ಕಾಣುವ ಪ್ರತಿ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಈ ಕರೆ ಇಡಿ. ಬಳಸದ ಲೈಬ್ರರಿಗೆ ಖರ್ಚಿಲ್ಲ, ಕ್ರಮದ ಚಿಂತೆಯಿಲ್ಲ, ಸ್ಟ್ಯಾಟಿಕ್ ಲೈಬ್ರರಿಯ ನಾಪತ್ತೆ ಪ್ರಸಂಗವೂ ಇಲ್ಲ. ಆರಂಭದ ಫಂಕ್ಷನ್ ಏನನ್ನೂ ಹಿಂದಿರುಗಿಸುವುದಿಲ್ಲವಾದ್ದರಿಂದ ಸೋಲನ್ನು ಸ್ಟ್ಯಾಟಿಕ್ ವೇರಿಯಬಲ್‌ನಲ್ಲಿಟ್ಟು, ಒನ್ಸ್ ಮುಗಿದ ಮರುಸಾಲಿನಲ್ಲೇ ಪರೀಕ್ಷಿಸಿ ಎರರ್ ಕೊಡಿ. ಸೋತ ಆರಂಭವನ್ನು ಮತ್ತೆ ಪ್ರಯತ್ನಿಸಬೇಕಿದ್ದರೆ ಒನ್ಸ್ ಆಗದು, ಮ್ಯೂಟೆಕ್ಸ್ ಮತ್ತು ಫ್ಲ್ಯಾಗ್ ಇಟ್ಟುಕೊಳ್ಳಿ.

ಪ್ಲಗಿನ್‌ಗಳಿಗೆ ನಿಮ್ಮದೇ ಸೆಕ್ಷನ್

ಇಪ್ಪತ್ತು ಮಾಡ್ಯೂಲ್‌ಗಳಿವೆ, ಪ್ರತಿಯೊಂದೂ ತನ್ನನ್ನು ತಾನೇ ನೋಂದಾಯಿಸಿಕೊಳ್ಳಬೇಕು, ಆದರೆ ಯಾವಾಗ ಓಡಬೇಕೆಂಬುದು ಮೇನ್ ಕೈಯಲ್ಲೇ ಇರಬೇಕು. ಇಲ್ಲಿ ಕನ್‌ಸ್ಟ್ರಕ್ಟರ್‌ಗಿಂತ ಚೆನ್ನಾದ ದಾರಿ ಇದೆ. ಪ್ರತಿ ಮಾಡ್ಯೂಲ್ ತನ್ನ ಆರಂಭದ ಫಂಕ್ಷನ್‌ನ ಪಾಯಿಂಟರನ್ನು ನೀವು ಹೆಸರಿಟ್ಟ ಸೆಕ್ಷನ್‌ನಲ್ಲಿ ಇಡಲಿ. ಸೆಕ್ಷನ್‌ನ ಹೆಸರು ಸಿ ಭಾಷೆಯ ಐಡೆಂಟಿಫೈಯರ್‌ನಂತಿದ್ದರೆ, ಅಂದರೆ ಮುಂದೆ ಚುಕ್ಕಿ ಇಲ್ಲದಿದ್ದರೆ, ಎಲ್ಫ್ ಲಿಂಕರ್ ಅದರ ಆದಿ–ಅಂತ್ಯಗಳಿಗೆ ಸ್ಟಾರ್ಟ್, ಸ್ಟಾಪ್ ಪೂರ್ವಪದದ ಎರಡು ಸಿಂಬಲ್‌ಗಳನ್ನು ತಾನೇ ಹುಟ್ಟಿಸುತ್ತದೆ. ಮೇನ್ ಅವುಗಳ ನಡುವೆ ಲೂಪ್ ಓಡಿಸಿದರಾಯಿತು. ಲಿನಕ್ಸ್ ಕರ್ನಲ್‌ನ ಇನಿಟ್‌ಕಾಲ್‌ಗಳ ಮೂಲತತ್ವ ಇದೇ. ಅಲ್ಲಿ ಕೋರ್, ಸಬ್‌ಸಿಸ್ಟಂ, ಡಿವೈಸ್, ಲೇಟ್ ಎಂದು ಹಂತಗಳಿವೆ.

ಸೆಕ್ಷನ್‌ನಲ್ಲಿ ಪಾಯಿಂಟರ್‌ಗಳನ್ನೇ ಇಡಿ, ಇಡೀ ಸ್ಟ್ರಕ್ಟ್ ಇಡಬೇಡಿ. ಅಲೈನ್‌ಮೆಂಟ್‌ಗಾಗಿ ನಡುವೆ ಖಾಲಿ ಬೈಟ್‌ಗಳು ಸೇರಿದರೆ ಲೂಪ್ ದಾರಿ ತಪ್ಪುತ್ತದೆ. ‘ಯೂಸ್ಡ್’ ಆಟ್ರಿಬ್ಯೂಟ್ ಇಲ್ಲದಿದ್ದರೆ ಕಂಪೈಲರ್ ಅದನ್ನು ಕಿತ್ತುಹಾಕುತ್ತದೆ. ಬಳಸದ ಸೆಕ್ಷನ್‌ಗಳನ್ನು ತೆಗೆಯುವ ಲಿಂಕರ್ ಆಯ್ಕೆ ಇದ್ದಾಗ ‘ರಿಟೇನ್’ ಆಟ್ರಿಬ್ಯೂಟ್ ಕೂಡ ಬೇಕಾಗಬಹುದು. ಅದು ಜಿಸಿಸಿ 11, ಕ್ಲ್ಯಾಂಗ್ 13ರಿಂದ ಇದೆ. ಒಂದು ಮಾಡ್ಯೂಲ್ ಕೂಡ ಇಲ್ಲದ ಬಿಲ್ಡ್‌ನಲ್ಲಿ ಆ ಎರಡು ಸಿಂಬಲ್‌ಗಳೇ ಹುಟ್ಟುವುದಿಲ್ಲ, ಆದ್ದರಿಂದ ಅವನ್ನು ‘ವೀಕ್’ ಎಂದು ಘೋಷಿಸಿ. ಸ್ಟ್ಯಾಟಿಕ್ ಲೈಬ್ರರಿಯ ತೊಡಕು ಇಲ್ಲೂ ಹಾಗೇ ಉಳಿಯುತ್ತದೆ.

ವಿಂಡೋಸ್

ವಿಂಡೋಸ್‌ಗಾಗಿ ಇರುವ ಜಿಸಿಸಿ ರೂಪವಾದ ಮಿಂಗ್‌ಡಬ್ಲ್ಯೂನಲ್ಲಿ ಕನ್‌ಸ್ಟ್ರಕ್ಟರ್ ಆಟ್ರಿಬ್ಯೂಟ್ ನಡೆಯುತ್ತದೆ, ಮೈಕ್ರೋಸಾಫ್ಟ್‌ನ ಕಂಪೈಲರ್‌ನಲ್ಲಿ ಇಲ್ಲ. ಅಲ್ಲಿ ಪಾಯಿಂಟರನ್ನು ಚುಕ್ಕಿ ಸಿಆರ್‌ಟಿ ಡಾಲರ್ ಎಕ್ಸ್‌ಸಿಯು ಎಂಬ ಸೆಕ್ಷನ್‌ನಲ್ಲಿ ಇಡಬೇಕು. ಡಾಲರ್ ಚಿಹ್ನೆಯ ನಂತರದ ಅಕ್ಷರಗಳ ಅಕಾರಾದಿಯಲ್ಲಿ ಲಿಂಕರ್ ಸೆಕ್ಷನ್‌ಗಳನ್ನು ಜೋಡಿಸುತ್ತದೆ, ರನ್‌ಟೈಮ್ ಎಕ್ಸ್‌ಸಿಎ ಮತ್ತು ಎಕ್ಸ್‌ಸಿಜೆಡ್ ನಡುವಿನದನ್ನೆಲ್ಲ ಕರೆಯುತ್ತದೆ. ಆಪ್ಟಿಮೈಸ್ ಆದ ಬಿಲ್ಡ್‌ನಲ್ಲಿ ಪಾಯಿಂಟರ್ ಕಳೆದುಹೋಗದಂತೆ ಲಿಂಕರ್‌ನ ‘ಇನ್‌ಕ್ಲೂಡ್’ ಆಯ್ಕೆಯಲ್ಲಿ ಅದರ ಸಿಂಬಲ್ ಹೆಸರಿಸಿ. 32 ಬಿಟ್ ಎಕ್ಸ್86ರಲ್ಲಿ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಬೇಕು, 64 ಬಿಟ್‌ನಲ್ಲಿ ಬೇಡ.

ಡಿಎಲ್‌ಎಲ್ (ವಿಂಡೋಸ್‌ನ ಶೇರ್ಡ್ ಲೈಬ್ರರಿ) ಲೋಡ್ ಆದಾಗಲೂ ಹೊರಹೋಗುವಾಗಲೂ ಕರೆಯಲಾಗುವ ಡಿಎಲ್‌ಎಲ್‌ಮೇನ್ ಕಣ್ಣಿಗೆ ಸುಲಭವಾಗಿ ಕಾಣುತ್ತದೆ, ಆದರೆ ಅದು ಓಡುವುದು ಲೋಡರ್ ಲಾಕ್‌ನ ಅಡಿಯಲ್ಲಿ. ಇನ್ನೊಂದು ಡಿಎಲ್‌ಎಲ್ ಲೋಡ್ ಮಾಡುವುದು, ಥ್ರೆಡ್‌ಗಾಗಿ ಕಾಯುವುದು ಎರಡೂ ಅಲ್ಲಿ ನಿಷಿದ್ಧ. ಪ್ರೋಸೆಸ್ ಡಿಟ್ಯಾಚ್ ಸಂದೇಶ ಬಂದಾಗ ಮೂರನೇ ಆರ್ಗ್ಯುಮೆಂಟ್ ನಲ್ ಅಲ್ಲದಿದ್ದರೆ ಇಡೀ ಪ್ರೋಸೆಸ್ಸೇ ಮುಗಿಯುತ್ತಿದೆ, ಉಳಿದ ಥ್ರೆಡ್‌ಗಳು ಆಗಲೇ ಸತ್ತಿವೆ ಎಂದರ್ಥ. ಸತ್ತ ಥ್ರೆಡ್ ಹಿಡಿದಿದ್ದ ಲಾಕ್‌ಗೆ ಕಾಯುವ ಬದಲು ಏನೂ ಮಾಡದೆ ಹಿಂದಿರುಗಿ.

ಮುಕ್ತಾಯ ಓಡದೇ ಹೋದಾಗ

ಅಬಾರ್ಟ್, ಸೋತ ಅಸರ್ಟ್, ಸೆಗ್‌ಫಾಲ್ಟ್, ಅಂಡರ್‌ಸ್ಕೋರ್ ಎಕ್ಸಿಟ್, ಸಿಗ್‌ಕಿಲ್ (ತಡೆಯಲಾಗದ ‘ಕೊಲ್ಲು’ ಸಿಗ್ನಲ್), ಕರೆಂಟ್ ಹೋಗುವುದು: ಇವುಗಳಲ್ಲಿ ಅಟ್‌ಎಕ್ಸಿಟ್ ಆಗಲಿ ಡಿಸ್ಟ್ರಕ್ಟರ್ ಆಗಲಿ ಓಡುವುದಿಲ್ಲ. ಅನೇಕರಿಗೆ ಅಚ್ಚರಿಯಾಗುವುದು, ಕೀಬೋರ್ಡ್‌ನಲ್ಲಿ ಕಂಟ್ರೋಲ್ ಸಿ ಒತ್ತಿದಾಗಲೂ, ‘ಮುಗಿಸು’ ಎಂದು ಕೇಳುವ ಸಿಗ್‌ಟರ್ಮ್ ಸಿಗ್ನಲ್ ಬಂದಾಗಲೂ ಅವು ಓಡುವುದಿಲ್ಲ ಎಂಬುದು. ಸಿಗ್ನಲ್‌ನ ಸಹಜ ಕ್ರಿಯೆ ಪ್ರೋಸೆಸ್ಸನ್ನು ನೇರವಾಗಿ ಮುಗಿಸುವುದು.

ಇದಕ್ಕೆ ಸಿಗ್ನಲ್ ಹ್ಯಾಂಡ್ಲರ್‌ನೊಳಗೆ ಎಕ್ಸಿಟ್ ಕರೆಯುವುದು ಸರಿಯಾದ ಮದ್ದಲ್ಲ. ಎಕ್ಸಿಟ್ ಅಲ್ಲಿ ಸುರಕ್ಷಿತವಲ್ಲ. ಮಾಲಾಕ್ ತನ್ನ ಲಾಕ್ ಹಿಡಿದಿರುವಾಗ ಸಿಗ್ನಲ್ ಬಂದು, ನಿಮ್ಮ ಮುಕ್ತಾಯದ ಕೋಡ್ ಫ್ರೀ ಕರೆದರೆ ಪ್ರೋಗ್ರಾಂ ಅಲ್ಲೇ ಹೆಪ್ಪುಗಟ್ಟುತ್ತದೆ. ಹ್ಯಾಂಡ್ಲರ್ ಒಂದು ಫ್ಲ್ಯಾಗ್ ಮಾತ್ರ ಏರಿಸಲಿ. ಅದರ ಟೈಪ್ ವೊಲಟೈಲ್ ಸಿಗ್ ಅಟಾಮಿಕ್ ಆಗಿರಲಿ. ಮುಖ್ಯ ಲೂಪ್ ಅದನ್ನು ನೋಡಿ ಸಹಜವಾಗಿ ಮೇನ್‌ನಿಂದ ರಿಟರ್ನ್ ಆಗಲಿ. ಹ್ಯಾಂಡ್ಲರ್ ಹೊಂದಿಸುವ ಸಿಗ್ಯಾಕ್ಷನ್‌ನಲ್ಲಿ ರೀಸ್ಟಾರ್ಟ್ ಫ್ಲ್ಯಾಗ್ ಹಾಕದಿದ್ದರೆ ತಡೆದು ನಿಂತಿರುವ ರೀಡ್ ಕರೆ ಎಚ್ಚರಗೊಳ್ಳುತ್ತದೆ. ಫ್ಲ್ಯಾಗ್ ನೋಡಿದ ಮೇಲೆ, ರೀಡ್‌ಗೆ ಇಳಿಯುವ ಮುಂಚೆ ಸಿಗ್ನಲ್ ಬಂದರೆ ಮಾತ್ರ ಅದು ತಪ್ಪಿಹೋಗುತ್ತದೆ. ಈ ಬಿರುಕು ಮುಚ್ಚಲು ಪಿಪೋಲ್, ಅಥವಾ ತನಗೆ ತಾನೇ ಬರೆದುಕೊಳ್ಳುವ ಪೈಪ್ ಬಳಸಿ. ಸಮಯದ ಮಿತಿಯೂ ನೆನಪಿರಲಿ: ಸಿಗ್‌ಟರ್ಮ್ ಕಳಿಸಿದ ಮೇಲೆ ಲಿನಕ್ಸ್‌ನ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ಸಾಮಾನ್ಯವಾಗಿ 90 ಸೆಕೆಂಡ್, ಕಂಟೇನರ್ ನಿಲ್ಲಿಸುವ ಡಾಕರ್ ಸ್ಟಾಪ್ 10 ಸೆಕೆಂಡ್ ಕಾದು ಸಿಗ್‌ಕಿಲ್ ಕಳಿಸುತ್ತವೆ.

ಫೋರ್ಕ್‌ನಿಂದ ಹುಟ್ಟಿದ ಮಗು ಪ್ರೋಸೆಸ್‌ಗೂ ಅಟ್‌ಎಕ್ಸಿಟ್ ಪಟ್ಟಿ ಹಾಗೇ ಬರುತ್ತದೆ. ಮಗು ಎಕ್ಸಿಟ್ ಕರೆದರೆ ಹೆತ್ತ ಪ್ರೋಸೆಸ್‌ನ ಲಾಕ್ ಫೈಲ್ ಅಳಿದುಹೋಗಬಹುದು, ಬಫರ್‌ನಲ್ಲಿದ್ದ ಸಾಲುಗಳು ಎರಡು ಸಲ ಅಚ್ಚಾಗಬಹುದು. ಎಕ್ಸೆಕ್ ಸೋತ ಮಗು ಯಾವಾಗಲೂ ಅಂಡರ್‌ಸ್ಕೋರ್ ಎಕ್ಸಿಟ್‌ನಿಂದಲೇ ಹೊರಬೀಳಲಿ.

ಹಾಗಾಗಿ ಡೇಟಾದ ಸುರಕ್ಷತೆಯನ್ನು ಮುಕ್ತಾಯದ ಕೋಡ್‌ಗೆ ಒಪ್ಪಿಸಬೇಡಿ. ಫೈಲ್ ಉಳಿಸುವಾಗ ಅದೇ ಡೈರೆಕ್ಟರಿಯಲ್ಲಿ ತಾತ್ಕಾಲಿಕ ಫೈಲ್‌ಗೆ ಬರೆದು, ಎಫ್‌ಸಿಂಕ್ ಮಾಡಿ, ರಿನೇಮ್ ಮಾಡಿ. ‘ಒಂದೇ ಪ್ರತಿ ಓಡಲಿ’ ಎಂಬುದಕ್ಕೆ ಅಳಿಸಬೇಕಾದ ಫೈಲ್‌ಗಿಂತ ಎಫ್‌ಲಾಕ್ ಮೇಲು. ಪ್ರೋಸೆಸ್ ಹೇಗೆ ಸತ್ತರೂ, ಆ ಡಿಸ್ಕ್ರಿಪ್ಟರ್ ಬೇರೆ ಯಾರ ಬಳಿಯೂ ತೆರೆದಿಲ್ಲದಿದ್ದರೆ, ಕರ್ನಲ್ ಅದನ್ನು ಬಿಡಿಸುತ್ತದೆ. ಮುಕ್ತಾಯದ ಕೋಡ್‌ಗೆ ಉಳಿಯುವುದು ಆದರೆ ಒಳ್ಳೆಯದು ಎನ್ನುವ ಕೆಲಸಗಳು: ಕೊನೆಯ ಲಾಗ್ ಸಾಲು, ಟರ್ಮಿನಲ್ ಸ್ಥಿತಿ, ಅಂಕಿಅಂಶಗಳು.

ಆಪರೇಟಿಂಗ್ ಸಿಸ್ಟಂ ಇಲ್ಲದ ಬೋರ್ಡ್‌ಗಳಲ್ಲಿ

ಮೈಕ್ರೋಕಂಟ್ರೋಲರ್‌ನಲ್ಲಿ ಮೇನ್‌ಗೆ ಮುಂಚಿನದೆಲ್ಲ ರೀಸೆಟ್ ಹ್ಯಾಂಡ್ಲರ್‌ನ ಕೆಲಸ: ಡೇಟಾ ಸೆಕ್ಷನ್ ನಕಲು, ಬಿಎಸ್‌ಎಸ್ (ಆರಂಭದ ಬೆಲೆ ಕೊಡದ ಗ್ಲೋಬಲ್ ವೇರಿಯಬಲ್‌ಗಳ ಜಾಗ) ಸೊನ್ನೆ, ನಂತರ ಮೇನ್. ನ್ಯೂಲಿಬ್ ಎಂಬ ಸಿ ಲೈಬ್ರರಿ ಬಳಸುವಲ್ಲಿ ಲಿಬ್‌ಸಿ ಇನಿಟ್ ಅರೇ ಫಂಕ್ಷನ್‌ನ ಕರೆ ಇಲ್ಲದಿದ್ದರೆ ಕನ್‌ಸ್ಟ್ರಕ್ಟರ್‌ಗಳು ಓಡುವುದಿಲ್ಲ. ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಇನಿಟ್ ಅರೇ ಸುತ್ತ ‘ಕೀಪ್’ ಇಲ್ಲದಿದ್ದರೆ, ಬಳಸದ ಸೆಕ್ಷನ್ ತೆಗೆಯುವ ಆಯ್ಕೆ ಅವನ್ನು ಅಳಿಸಿಹಾಕುತ್ತದೆ. ಮೇನ್ ಎಂದೂ ಮುಗಿಯದಿರುವಲ್ಲಿ ಡಿಸ್ಟ್ರಕ್ಟರ್‌ಗಳಿಗೆ ಜಾಗ ಖರ್ಚು ಮಾಡಬೇಡಿ.

ಓಡಿತೋ ಇಲ್ಲವೋ

ಕನ್‌ಸ್ಟ್ರಕ್ಟರ್ ಓಡಲಿಲ್ಲ ಎಂಬ ಅನುಮಾನವಿದ್ದರೆ ಮೊದಲು, ಬೈನರಿಯ ಸಿಂಬಲ್‌ಗಳನ್ನು ಪಟ್ಟಿ ಮಾಡುವ ಎನ್‌ಎಂ ಕಮಾಂಡ್‌ನಲ್ಲಿ ಆ ಫಂಕ್ಷನ್‌ನ ಹೆಸರು ಹುಡುಕಿ. ಸ್ಟ್ರಿಪ್ ಆಗದ ಬೈನರಿಯಲ್ಲೂ ಹೆಸರಿಲ್ಲದಿದ್ದರೆ ಅದು ಲಿಂಕ್ ಆಗಿಯೇ ಇಲ್ಲ. ಹೆಸರಿದ್ದರೆ, ಎಲ್ಫ್ ಫೈಲ್‌ನ ಒಳರಚನೆ ತೋರಿಸುವ ರೀಡೆಲ್ಫ್ ಕಮಾಂಡ್‌ನಲ್ಲಿ ಇನಿಟ್ ಅರೇ ಸೆಕ್ಷನ್‌ನ ಗಾತ್ರ ನೋಡಿ: 64 ಬಿಟ್ ಯಂತ್ರದಲ್ಲಿ ಒಂದು ಫಂಕ್ಷನ್‌ಗೆ 8 ಬೈಟ್. ಜಿಲಿಬ್‌ಸಿಯಲ್ಲಿ ಎಲ್‌ಡಿ ಡೀಬಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ‘ಫೈಲ್ಸ್’ ಎಂದು ಕೊಟ್ಟು ಓಡಿಸಿದರೆ ಯಾವ ಲೈಬ್ರರಿಯ ಆರಂಭ ಯಾವ ಕ್ರಮದಲ್ಲಿ ಕರೆಯಲ್ಪಟ್ಟಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ.

ಮುಕ್ತಾಯದ ಪರೀಕ್ಷೆ ನಾಲ್ಕು ಬಗೆಯದು: ಮೇನ್‌ನಿಂದ ರಿಟರ್ನ್, ಕಂಟ್ರೋಲ್ ಸಿ, ಸಿಗ್‌ಟರ್ಮ್, ಸಿಗ್‌ಕಿಲ್. ಸಿಗ್ನಲ್‌ನಿಂದಲೇ ಸತ್ತರೆ ಶೆಲ್ ಕ್ರಮವಾಗಿ 130, 143, 137 ತೋರಿಸುತ್ತದೆ. ಮೊದಲ ಎರಡು ಸಂಖ್ಯೆ ಕಂಡರೆ ನಿಮ್ಮ ಫ್ಲ್ಯಾಗ್ ವಿಧಾನ ಕೆಲಸ ಮಾಡಿಲ್ಲ ಎಂದರ್ಥ. ಸಿಗ್‌ಕಿಲ್ ಪರೀಕ್ಷೆಯಲ್ಲಿ ನೋಡಬೇಕಾದದ್ದು ಬೇರೆ: ಫೈಲ್ ಬರೆಯುತ್ತಿರುವ ನಡುವೆಯೇ ಕೊಂದು ಮತ್ತೆ ಶುರು ಮಾಡಿ. ಕೈಯಿಂದ ಏನನ್ನೂ ಅಳಿಸದೆ ಪ್ರೋಗ್ರಾಂ ಏಳಬೇಕು, ಹಿಂದಿನ ಡೇಟಾ ಪೂರ್ತಿಯಾಗಿ ಓದಲು ಸಿಗಬೇಕು.